ಮಹಾಮಾರಿಯೂ ಮನೆಯ ವೈದ್ಯನೂ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಷಯವನ್ನು ಕುರಿತ ಅಧ್ಯಾಯವೊಂದುಂಟು. ಪಾಂಚಾಲದೇಶದ ಕಾಂಪಿಲ್ಯದ ಬಳಿ, ಗಂಗಾತೀರದ ವನದಲ್ಲಿ, ಬೇಸಗೆಯ ಕೊನೆಯ ತಿಂಗಳಿನಲ್ಲಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನು ಗಾಳಿ ದಿಕ್ಕು ಋತುಗಳಲ್ಲಿ ವಿಕಾರವನ್ನು ಕಂಡು, ಭೂಮಿಯು ರಸಹೀನವಾಗುವ ಮುನ್ನವೇ ಓಷಧಿಗಳನ್ನು ಸಂಗ್ರಹಿಸಿಟ್ಟುಕೊಳ್ಳಬೇಕೆಂದು ಅಗ್ನಿವೇಶನಿಗೆ ಹೇಳುತ್ತಾನೆ. ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಒಬ್ಬರಂತೆ ಒಬ್ಬರಿಲ್ಲದ ಜನರು ಒಂದೇ ಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವುದೆಂತು ಎಂದು ಶಿಷ್ಯನು ಕೇಳುತ್ತಾನೆ. ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು, ಅವು ಕೆಟ್ಟರೆ ಜನಪದವೇ ಕೆಡುವುದೆಂದು ಗುರುವಿನ ಉತ್ತರ. ಅದೇ ಸ್ಥಾನದಲ್ಲಿ ಕೆಲವು ಅಧ್ಯಾಯಗಳ ತರುವಾಯ, ವೈದ್ಯವಿದ್ಯೆಯ ದೀಕ್ಷೆಯನ್ನು ಕೈಕೊಳ್ಳುವವನಿಗೆ ಅಗ್ನಿಸಾಕ್ಷಿಯಾಗಿ ವಿಧಿಸುವ ನಿಯಮಗಳಿವೆ. ರೋಗಿಯ ಮನೆಯನ್ನು ಆ ಮನೆಯವರಿಗೆ ಪರಿಚಿತನಾದವನೊಬ್ಬನ ಜೊತೆಯಲ್ಲಿ, ಅನುಮತಿ ಪಡೆದು, ತಲೆತಗ್ಗಿಸಿ ಪ್ರವೇಶಿಸಬೇಕು. ಪ್ರವೇಶಿಸಿದ ಮೇಲೆ ಮಾತು ಮನಸ್ಸುಗಳು ರೋಗಿಯ ಹಿತವನ್ನು ಬಿಟ್ಟು ಬೇರೆಡೆಗೆ ಹರಿಯಕೂಡದು. ಆ ಮನೆಯ ಸಂಗತಿಗಳನ್ನು ಹೊರಗೆ ಸಾರಕೂಡದು.

ಜನಪದವನ್ನು ಕಾಯುವ ಧರ್ಮ, ಮನೆಯ ಗುಟ್ಟನ್ನು ಕಾಯುವ ಧರ್ಮ, ಇವೆರಡೂ ಒಂದೇ ಗ್ರಂಥದ ಒಂದೇ ಸ್ಥಾನದಲ್ಲಿ ಜಗಳವಿಲ್ಲದೆ ಕುಳಿತಿವೆ. ಇವುಗಳಿಗೆ ಪರಸ್ಪರ ವಿರೋಧವುಂಟಾದರೆ ವೈದ್ಯನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯು ಈ ದೇಶದಲ್ಲಿ ಅತಿ ಕಠೋರವಾಗಿ ಎದ್ದು ನಿಂತುದು ೧೮೯೬ನೆಯ ಇಸವಿಯ ಮಳೆಗಾಲದ ಕೊನೆಯಲ್ಲಿ, ಮುಂಬಯಿ ಪಟ್ಟಣದಲ್ಲಿ.

ಆ ಕಾಲದ ಮುಂಬಯಿಯಲ್ಲಿ ಮೂರು ಬಗೆಯ ವೈದ್ಯರು ಮನೆಮನೆಗೆ ಹೋಗಿ ಬರುತ್ತಿದ್ದರು. ವೈದ್ಯರು, ಹಕೀಮರು ವಂಶಪಾರಂಪರ್ಯವಾಗಿ ಇದ್ದವರು. ೧೮೪೫ರಲ್ಲಿ ಸ್ಥಾಪಿತವಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಪಾಸಾದ ಡಾಕ್ಟರುಗಳು ಹೊಸಬರು. ಆದರೂ ಐವತ್ತು ವರ್ಷಗಳಲ್ಲಿ ಅವರೂ ಬೇರೂರಿದ್ದರು. ಪದ್ಧತಿ ಯಾವುದಾದರೂ ಆಗಲಿ, ಕೆಲಸದ ಕ್ರಮವು ಬಹುಮಟ್ಟಿಗೆ ವಾಗ್ಭಟನು ಹೇಳಿದಂತೆ ಇತ್ತು: ದರ್ಶನ, ಸ್ಪರ್ಶನ, ಪ್ರಶ್ನ. ನಾಲಗೆಯನ್ನು ನೋಡುವುದು, ಕೈಹಿಡಿದು ನಾಡಿಯನ್ನೆಣಿಸುವುದು, ಹಸಿವು ನಿದ್ರೆಗಳನ್ನು ವಿಚಾರಿಸುವುದು; ಔಷಧವನ್ನು ಹೇಳಿ, ಮನೆಯ ಹಿರಿಯರಿಗೆ ಧೈರ್ಯ ಹೇಳಿ ಹೊರಡುವುದು. ಆ ಮನೆಯ ಮಗನಿಗೆ ಜ್ವರವೋ ಮಗಳಿಗೆ ಕ್ಷಯವೋ ಎಂಬುದು ಬೀದಿಗೆ ತಿಳಿಯಬೇಕಾದ ಅಗತ್ಯವಿರಲಿಲ್ಲ.

ಮಾಂಡವಿಯು ಬಂದರಿನ ಪಕ್ಕದ ಪೇಟೆ. ಧಾನ್ಯದ ಗೋದಾಮುಗಳೂ ಬಹು ಅಂತಸ್ತಿನ ಇಕ್ಕಟ್ಟಾದ ಚಾಳುಗಳೂ ಅಲ್ಲಿ ಒತ್ತೊತ್ತಾಗಿ ಇದ್ದುವು. ಗೋವೆಯಲ್ಲಿ ಹುಟ್ಟಿ ಗ್ರಾಂಟ್ ಕಾಲೇಜಿನಲ್ಲಿ ಓದಿ ಅಲ್ಲಿಯೇ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಎಂಬವರು ಆ ಸೆಪ್ಟೆಂಬರಿನಲ್ಲಿ ತೀವ್ರ ಜ್ವರದಿಂದಲೂ ಗ್ರಂಥಿಗಳ ಬಾವಿನಿಂದಲೂ ನರಳುತ್ತಿದ್ದ ರೋಗಿಗಳನ್ನು ಕಂಡರು. ಎರಡು ವರ್ಷಗಳ ಹಿಂದೆ, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿ, ಅಲ್ಲಿ ಯೆರ್ಸಿನ್ ಎಂಬಾತನು ಅದರ ಕ್ರಿಮಿಯನ್ನು ಕಂಡುಹಿಡಿದಿದ್ದನಷ್ಟೆ. ಅಲ್ಲಿಂದ ಇಲ್ಲಿಗೆ ಹಡಗುಗಳು ಬರುತ್ತಿದ್ದುವು. ವಿಯೆಗಸರು ಸಂಶಯಪಟ್ಟರು; ಸಂಶಯವನ್ನು ನುಂಗಿಕೊಳ್ಳದೆ ಸೆಪ್ಟೆಂಬರು ೨೩ರಂದು, ತಾವೇ ಸದಸ್ಯರಾಗಿದ್ದ ನಗರಸಭೆಯ ಸ್ಥಾಯೀಸಮಿತಿಯಲ್ಲಿ ಎದ್ದುನಿಂತು, ಊರಿಗೆ ಪ್ಲೇಗು ಬಂದಿದೆಯೆಂದು ಹೇಳಿದರು. ಒಪ್ಪದವರು ಅನೇಕರಿದ್ದರು. ಅಕ್ಟೋಬರಿನಲ್ಲಿ ಕಲ್ಕತ್ತೆಯಿಂದ ಬಂದ ಹಾಫ್‌ಕಿನ್ನರು ಸೂಕ್ಷ್ಮದರ್ಶಕದ ಮೂಲಕ ಅದನ್ನು ನಿಶ್ಚಯಪಡಿಸಿದರು.

ಪಟ್ಟಣಕ್ಕೆ ಸಂಬಳದ ಆರೋಗ್ಯಾಧಿಕಾರಿ ಇದ್ದನು, ಮರಣಗಳ ದಾಖಲೆಗಾಗಿ ಒಂದು ಕಚೇರಿಯೇ ಇತ್ತು. ಆದರೂ ಆಪತ್ತನ್ನು ಮೊದಲು ಗುರುತಿಸಿ ಹೇಳಿದವನು ರೋಗಿಯ ಹಾಸಿಗೆಯ ಬಳಿ ಕುಳಿತ ಪೇಟೆಯ ವೈದ್ಯ. ಅವನು ಹೇಳಿದುದು ನ್ಯಾಯವೇ ಆಗಿತ್ತು. ಮನೆಯೊಳಗಿನ ಸಂಗತಿ ಹೊರಬಿದ್ದ ಮೇಲೆ ಆ ಮನೆಗೆ ಏನಾಗುವುದೆಂಬುದು ಮಾತ್ರ ಅವನ ಕೈಯಲ್ಲಿರಲಿಲ್ಲ.

೧೮೮೮ರ ಮುಂಬಯಿ ಮುನಿಸಿಪಲ್ ಕಾಯಿದೆಯಲ್ಲಿಯೇ, ಅಪಾಯಕರವಾದ ರೋಗವುಳ್ಳವನನ್ನು ನೋಡುವ ವೈದ್ಯನು ಅದನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂಬ ವಿಧಿಯಿತ್ತು. ಅದುವರೆಗೆ ಅದನ್ನು ಯಾರೂ ದೊಡ್ಡದಾಗಿ ಎಣಿಸಿರಲಿಲ್ಲ. ೧೮೯೬ರ ಅಕ್ಟೋಬರು ೬ರಂದು ನಗರದ ಕಮಿಷನರರಾದ ಸ್ನೋ ಎಂಬವರು ಹೊರಡಿಸಿದ ಪ್ರಕಟಣೆಯಿಂದ ಆ ವಿಧಿಗೆ ಹಲ್ಲು ಬಂದಿತು. ಪ್ಲೇಗಿನ ರೋಗಿಯನ್ನು ಮನೆಯವರ ಇಷ್ಟಾನಿಷ್ಟಗಳನ್ನು ಲೆಕ್ಕಿಸದೆ ಆಸ್ಪತ್ರೆಗೆ ಒಯ್ಯುವ ಅಧಿಕಾರ ಬಂದಿತು. ಮರುವರ್ಷ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ ಸಾಂಕ್ರಾಮಿಕ ರೋಗಗಳ ಶಾಸನವಾಯಿತು.

ಒಬ್ಬ ಗೃಹವೈದ್ಯನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳಿಂದ ಹೋಗಿಬರುತ್ತಿದ್ದ ಮನೆಯಿಂದ ಕರೆ ಬರುತ್ತದೆ. ಸೊಸೆಗೆ ಜ್ವರ. ಮುಟ್ಟಿ ನೋಡಿದರೆ ತೊಡೆಯ ಸಂದಿನಲ್ಲಿ ಗಂಟು. ಬಾಯಿ ಬಿಟ್ಟರೆ ಆಕೆ ಆರ್ಥರ್ ರಸ್ತೆಯ ಆಸ್ಪತ್ರೆಗೆ ಹೋಗಬೇಕು, ಮನೆಯವರು ಶಿಬಿರಕ್ಕೆ, ಮನೆಗೆ ಸುಣ್ಣ ಕಾರ್ಬಾಲಿಕ್ಕುಗಳ ಅಭಿಷೇಕ, ಹಾಸಿಗೆಬಟ್ಟೆಗಳಿಗೆ ಬೆಂಕಿ. ಬಾಯಿ ಮುಚ್ಚಿದರೆ ಕಾಯಿದೆಯ ಮುಂದೆ ಅಪರಾಧಿ. ಅದಕ್ಕಿಂತ ಹೆಚ್ಚಾಗಿ, ನೆರೆಯ ನಾಲ್ಕು ಮನೆಗಳ ಮುಂದೆ ಅಪರಾಧಿ. ಆಸ್ಪತ್ರೆಗೆ ಕಳುಹಿಸಿದರೆ ಬದುಕುವಳೆಂಬ ಭರವಸೆಯಾದರೂ ಇತ್ತೆ ಎಂದರೆ, ಅದೂ ಇರಲಿಲ್ಲ. ಆರ್ಥರ್ ರಸ್ತೆಯ ಆಸ್ಪತ್ರೆಯಲ್ಲಿ ಚೋಕ್ಸಿ ಎಂಬ ಪಾರಸೀ ಡಾಕ್ಟರು ಹಗಲಿರುಳು ದುಡಿದು, ಬಂದಬಂದ ಹೊಸ ರಸಗಳನ್ನೆಲ್ಲ ಪ್ರಯೋಗಿಸಿ ನೋಡಿದರೂ, ಕಡೆಯ ಸ್ಥಿತಿಯಲ್ಲಿ ತಂದು ಹಾಕಿದ ರೋಗಿಗಳಲ್ಲಿ ಹೆಚ್ಚು ಪಾಲು ತೀರಿಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಜನರ ದೇಹದಿಂದ ಮೊಮಿಯಾಯಿ ಎಂಬ ತೈಲವನ್ನು ಇಳಿಸುತ್ತಾರೆಂದು ಊರಲ್ಲೆಲ್ಲ ಗುಲ್ಲು. ಅಕ್ಟೋಬರು ೨೯ರಂದು ಗಿರಣಿಯ ಕೂಲಿಗಾರರು ಗುಂಪುಕೂಡಿ ಆ ಆಸ್ಪತ್ರೆಯ ಮೇಲೆಯೇ ಬಿದ್ದರು.

ಆದಕಾರಣ ಮನೆಗಳ ಬಾಗಿಲು ಮುಚ್ಚಿದುವು. ರೋಗಿಗಳನ್ನು ಅಟ್ಟಗಳ ಮೇಲೆ, ಕಪಾಟುಗಳ ಒಳಗೆ ಬಚ್ಚಿಟ್ಟರು. ಪ್ಲೇಗಿನಿಂದಾದ ಸಾವುಗಳು ಬೇರೆ ಬೇರೆ ಜ್ವರಗಳ ಹೆಸರಿನಲ್ಲಿ ಲೆಕ್ಕಕ್ಕೆ ಸೇರಿದುವು. ಹಿಂದಿನ ವರ್ಷಗಳ ಮರಣಸಂಖ್ಯೆಯೊಡನೆ ಹೋಲಿಸಿದಾಗ ಈ ಮರೆಮಾಚುವಿಕೆ ಅಧಿಕಾರಿಗಳಿಗೇ ಎದ್ದು ಕಂಡಿತು. ೧೮೯೧ರ ಜನಗಣತಿಯಲ್ಲಿ ೮ ಲಕ್ಷಕ್ಕೆ ಮೀರಿದ್ದ ಪಟ್ಟಣದ ಜನರಲ್ಲಿ ಅರ್ಧದಷ್ಟು ಮಂದಿ ೧೮೯೭ರ ಫೆಬ್ರವರಿಯ ಹೊತ್ತಿಗೆ ಊರು ಬಿಟ್ಟು ಓಡಿದ್ದರು. ಓಡಿದವರ ಜೊತೆಯಲ್ಲಿ ರೋಗವೂ ರೈಲು ಹತ್ತಿತು. ಒಬ್ಬ ವೈದ್ಯನ ಸತ್ಯವಾಕ್ಯದಿಂದ ಆರಂಭವಾದ ಕಾರ್ಯವು ಎಲ್ಲ ವೈದ್ಯರಿಗೂ ಸತ್ಯವು ದೊರೆಯದಂತೆ ಮಾಡಿತು.

ಇಲ್ಲಿ ಸ್ಪರ್ಶದ ಮಾತನ್ನು ತುಸು ವಿವರಿಸಬೇಕು. ವಿಷಮಜ್ವರಕ್ಕೆ ನಾಡಿ ಸಾಕು, ಅತಿಸಾರಕ್ಕೆ ಪ್ರಶ್ನೆ ಸಾಕು. ಪ್ಲೇಗಿಗೆ ಇವು ಸಾಲವು. ಅದರ ಗ್ರಂಥಿಯು ಏಳುವುದು ತೊಡೆಯ ಸಂದಿನಲ್ಲಿ, ಕಂಕುಳಿನಲ್ಲಿ, ಕೊರಳಿನಲ್ಲಿ. ಅವುಗಳಲ್ಲಿಯೂ ತೊಡೆಯ ಸಂದಿನಲ್ಲಿಯೇ ಹೆಚ್ಚು. ಯಾವ ಅಂಗವನ್ನು ಪರಪುರುಷನು ನೋಡಬಾರದೋ ಅದನ್ನೇ ನೋಡದೆ ರೋಗನಿರ್ಣಯವಿಲ್ಲ. ತಲೆಮಾರುಗಳಿಂದ ಮುಂಗೈಯನ್ನು ಮಾತ್ರ ಮುಟ್ಟುತ್ತಿದ್ದ ವೈದ್ಯನಿಗೆ ಇದು ಹೊಸ ಸಂಕಟ. ಅವನಾದರೂ ಪರಿಚಿತನು, ವಯಸ್ಸಾದವನು, ಅತ್ತೆಯನ್ನು ಎದುರಿಗೆ ಕುಳ್ಳಿರಿಸಿಕೊಂಡು ನೋಡುವವನು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಸಾಲಾಗಿ ನಿಲ್ಲಿಸಿ ಪರೀಕ್ಷಿಸತೊಡಗಿದಾಗ, ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೆಳಗೆ ಗೋರಾ ಸಿಪಾಯಿಗಳು ಮನೆಗಳಿಗೆ ನುಗ್ಗಿ ದೇವರ ಕೋಣೆ ಅಡುಗೆಮನೆಗಳೆನ್ನದೆ ಹುಡುಕತೊಡಗಿದಾಗ, ವೈದ್ಯಸ್ಪರ್ಶವೆಂಬುದೇ ಅವಮಾನಕ್ಕೆ ಪರ್ಯಾಯವಾಯಿತು. ೧೮೯೭ರ ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದ ಸಂಗತಿ ಸರ್ವವಿದಿತವಾಗಿದೆ. ಮರುವರ್ಷ ಮಾರ್ಚಿ ೯ರಂದು ಮುಂಬಯಿಯ ನೇಯ್ಗೆಯವರ ಕೇರಿಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯನ್ನು ಪರೀಕ್ಷಿಸಲು ಹೋದುದರಿಂದ ದೊಡ್ಡ ದಂಗೆಯೇ ಎದ್ದಿತು.

ಪುಣೆಯ ಹೊರವಲಯದಲ್ಲಿ ಅದೇ ೧೮೯೭ರ ಆರಂಭದಲ್ಲಿ ಬೇರೊಂದು ಬಗೆಯ ಚಿಕಿತ್ಸೆ ನಡೆಯುತ್ತಿತ್ತು. ಜ್ಯೋತಿಬಾ ಫುಲೆಯವರ ದತ್ತುಮಗ ಯಶವಂತರಾಯರು ಡಾಕ್ಟರು. ಅವರು ತೆರೆದ ಚಿಕಿತ್ಸಾಲಯಕ್ಕೆ ಅವರ ತಾಯಿ ಸಾವಿತ್ರೀಬಾಯಿಯವರು ರೋಗಿಗಳನ್ನು ತಾವೇ ಕರೆತರುತ್ತಿದ್ದರು. ಆ ಸೇವೆಯಲ್ಲಿಯೇ ಸೋಂಕು ತಗುಲಿ ಮಾರ್ಚಿ ೧೦ರಂದು ಅವರು ತೀರಿಕೊಂಡರು. ಎಂಟು ವರ್ಷಗಳ ತರುವಾಯ ಮಗನನ್ನೂ ಪ್ಲೇಗು ಒಯ್ದಿತು. ಸಿಪಾಯಿಯ ಭಯವಿಲ್ಲದೆ ರೋಗಿಗಳು ಬರುವ ಸ್ಥಳವೊಂದಿತ್ತೆಂಬುದಕ್ಕೂ, ಅಂತಹ ಸ್ಥಳವನ್ನು ನಡೆಸುವುದಕ್ಕೆ ತೆರಬೇಕಾದ ಬೆಲೆಗೂ ಇದು ಸಾಕ್ಷಿ.

ದಂಗೆಗಳ ಅನಂತರ ಸರ್ಕಾರವು ಹಿಮ್ಮೆಟ್ಟಿತು. ಈ ಹಿಮ್ಮೆಟ್ಟುವಿಕೆಯನ್ನು ಇತಿಹಾಸಕಾರರು ಬಹುಮಟ್ಟಿಗೆ ರಾಜನೀತಿಯ ದೃಷ್ಟಿಯಿಂದ ನೋಡಿದ್ದಾರೆ. ವೈದ್ಯವೃತ್ತಿಯ ದೃಷ್ಟಿಯಿಂದ ನೋಡಿದರೆ ಅದು ಮನೆಯ ವೈದ್ಯನನ್ನು ಮತ್ತೆ ಒಳಗೆ ಕರೆದುಕೊಂಡುದು. ಒಂದೊಂದು ಜಾತಿಯವರೂ ಮತದವರೂ ತಮ್ಮ ಹಣದಿಂದ ತಮ್ಮದೇ ಆಸ್ಪತ್ರೆಗಳನ್ನು ಕಟ್ಟಿಕೊಳ್ಳಬಹುದೆಂದಾಯಿತು. ಮುಂಬಯಿಯಲ್ಲಿ ಅಂತಹವು ಹತ್ತಾರು ಎದ್ದುವು. ಅಲ್ಲಿ ತಮ್ಮ ಅಡುಗೆ, ತಮ್ಮ ಬಂಧುಗಳ ಶುಶ್ರೂಷೆ, ತಾವು ನಂಬಿದ ವೈದ್ಯನ ಔಷಧ. ಮೊದಲು ಕಡೆಗಣಿಸಲ್ಪಟ್ಟಿದ್ದ ವೈದ್ಯ ಹಕೀಮರಿಗೂ ಸ್ಥಳವಾಯಿತು. ಸ್ತ್ರೀಯರನ್ನು ನೋಡಲು ಸ್ತ್ರೀವೈದ್ಯರನ್ನು ನೇಮಿಸತೊಡಗಿದರು. ಮನೆಯಲ್ಲಿಯೇ ಪ್ರತ್ಯೇಕವಾಗಿಡಲು ಅನುಕೂಲವುಳ್ಳವರಿಗೆ ಅದಕ್ಕೂ ಅವಕಾಶ ದೊರೆಯಿತು. ಜಾತಿಗೊಂದು ಆಸ್ಪತ್ರೆಯೆಂಬುದು ಇಂದು ನಗೆಗೀಡಾಗಬಹುದು. ಆದರೆ ಬಚ್ಚಿಟ್ಟ ರೋಗಿಯು ಬೆಳಕಿಗೆ ಬಂದುದು ಅದರಿಂದ.

ಇಷ್ಟರಲ್ಲಿ ವೈದ್ಯನ ಕೈಗೆ ಹೊಸ ಉಪಕರಣವೊಂದು ಬಂದಿತ್ತು. ಹಾಫ್‌ಕಿನ್ನರು ಗ್ರಾಂಟ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಕೊಂದ ಕ್ರಿಮಿಗಳಿಂದ ಚುಚ್ಚುಮದ್ದನ್ನು ಸಿದ್ಧಪಡಿಸಿ ೧೮೯೭ರ ಜನವರಿ ೧೦ರಂದು ಮೊದಲು ತಮ್ಮ ಮೈಗೆ ಚುಚ್ಚಿಸಿಕೊಂಡರು. ಆಗಾಖಾನರು ಬಹಿರಂಗವಾಗಿ ಚುಚ್ಚಿಸಿಕೊಂಡು ತಮ್ಮ ಖೋಜಾ ಜನರಿಗೆ ಮೇಲ್ಪಂಕ್ತಿಯಾದರು. ಇದರ ಅತಿ ದೊಡ್ಡ ಪ್ರಯೋಗವು ನಡೆದುದು ಕನ್ನಡ ನಾಡಿನಲ್ಲಿ. ೧೮೯೮ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಅದು ಸುಮಾರು ೫೦,೦೦೦ ಜನರ ಊರು. ದಕ್ಷಿಣ ಮರಾಠಾ ರೈಲ್ವೆಯ ಕಾರ್ಖಾನೆಯಿದ್ದ ಪೇಟೆ. ಲ್ಯೂಮನ್ ಎಂಬ ಸೇನಾವೈದ್ಯನು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕೇರಿಕೇರಿಗೂ ಪಟ್ಟಿಗಳನ್ನು ಬರೆಯಿಸಿ ೩೫,೦೦೦ಕ್ಕಿಂತ ಹೆಚ್ಚು ಮಂದಿಗೆ ಚುಚ್ಚುಮದ್ದು ಕೊಡಿಸಿದನು. ಅವನ ಲೆಕ್ಕಗಳಲ್ಲಿ ಕೆಲವು ದೋಷಗಳಿವೆಯೆಂದು ಆಮೇಲೆ ಬಂದ ಪ್ಲೇಗ್ ಕಮಿಷನ್ನಿನವರು ತೋರಿಸಿದರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತೆಂಬುದನ್ನು ಮಾತ್ರ ಅವರೂ ಅಲ್ಲಗಳೆಯಲಿಲ್ಲ.

ಇದರಿಂದ ವೈದ್ಯನ ದಿನಚರಿಯೇ ಬದಲಾಯಿತು. ಅದುವರೆಗೆ ಅವನನ್ನು ಕರೆಯುತ್ತಿದ್ದವನು ರೋಗಿ. ಈಗ ಅವನೇ ಆರೋಗ್ಯವಂತನ ಬಳಿಗೆ ಹೋಗಿ, ಇನ್ನೂ ಬಾರದ ರೋಗಕ್ಕಾಗಿ ತೋಳು ಚಾಚೆಂದು ಒಡಂಬಡಿಸಬೇಕಾಯಿತು. ಚುಚ್ಚಿದ ಮೇಲೆ ಎರಡು ದಿನ ಜ್ವರ ಬರುವುದು, ಕೂಲಿ ತಪ್ಪುವುದು. ಅದಕ್ಕೂ ಅವನೇ ಉತ್ತರವಾದಿ. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಕೊಡುವ ಪದ್ಧತಿ ಬಂದಿತು; ಅದಿದ್ದವರಿಗೆ ಪ್ರತ್ಯೇಕವಾಸ ಮುಂತಾದುವುಗಳಲ್ಲಿ ವಿನಾಯಿತಿ. ಹೀಗೆ ಔಷಧದ ಚೀಟಿಯ ಜೊತೆಗೆ ಅನುಮತಿಯ ಚೀಟಿಯೂ ವೈದ್ಯಶಾಸ್ತ್ರದ ಅಂಗವಾಯಿತು. ೧೯೦೨ರ ಅಕ್ಟೋಬರು ೩೦ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಚುಚ್ಚಿಸಿಕೊಂಡ ೧೦೭ ಮಂದಿಯಲ್ಲಿ, ಒಂದೇ ಸೀಸೆಯಿಂದ ಮದ್ದು ಪಡೆದ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ನರ ಮೇಲೆ ಅಪವಾದ ಬಂದು ಅಧಿಕಾರ ಹೋಯಿತು. ೧೯೦೭ರಲ್ಲಿ ಅವರು ನಿರ್ದೋಷಿಯೆಂದಾಯಿತು. ಆ ದಿನ ಸೀಸೆಯ ಬಿರಡೆಯನ್ನು ಕೀಳುವ ಚಿಮಟವು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡಿರಲಿಲ್ಲ. ಮಡಿಯೆಂದರೇನೆಂದು ಬಲ್ಲ ಜನರಿಗೆ ಈ ಹೊಸ ಮಡಿಯ ಅರ್ಥವನ್ನು ಹೇಳಿಕೊಡುವುದಕ್ಕೆ ಹತ್ತೊಂಬತ್ತು ಪ್ರಾಣಗಳು ಬೇಕಾದುವು.

ಹುಬ್ಬಳ್ಳಿಯಿಂದ ರೈಲುಮಾರ್ಗವಾಗಿ ರೋಗವು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಕೆಲಸ ದೊರೆಯದೆ ಮೈಸೂರಿನ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರು ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ದುಡಿದರು; ಹುಟ್ಟಿದ ನಾಡಿನ ಸರ್ಕಾರಕ್ಕೆ ಬೇಡವಾದ ಕೈಯೇ ಇಲ್ಲಿ ಸಾಯುವವರ ಹಣೆಯ ಮೇಲೆ ಇದ್ದಿತು. ಊರಿನ ಇಕ್ಕಟ್ಟನ್ನು ಕಡಿಮೆಮಾಡಲು ಬಸವನಗುಡಿ ಮಲ್ಲೇಶ್ವರಗಳು ಬೆಳೆದ ಕಥೆಯನ್ನು ಹಲವರು ಹೇಳಿದ್ದಾರೆ. ಬೇರೆ ಬೇರೆ ಶಿಬಿರಗಳಿಗೂ ಕಚೇರಿಗಳಿಗೂ ಸುದ್ದಿ ಬೇಗ ಮುಟ್ಟಲೆಂದು ಊರಿನಲ್ಲಿ ಟೆಲಿಫೋನ್ ತಂತಿಗಳನ್ನು ಆಗ ಎಳೆದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಆ ತಂತಿಯು ರೋಗಿಗೂ ವೈದ್ಯನಿಗೂ ನಡುವೆ ಇರಲಿಲ್ಲ, ಅಧಿಕಾರಿಗೂ ಅಧಿಕಾರಿಗೂ ನಡುವೆ ಇತ್ತು.

೧೯೧೮ರ ಇನ್‌ಫ್ಲುಯೆಂಜಾದ ವಿಷಯವಾಗಿ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ದೇಶದಲ್ಲಿ ೧ ಕೋಟಿ ೨೦ ಲಕ್ಷಕ್ಕೆ ಕಡಮೆಯಿಲ್ಲದೆ ಜನರು ಕೆಲವೇ ತಿಂಗಳುಗಳಲ್ಲಿ ಮಡಿದರು. ವೈದ್ಯರಲ್ಲಿ ಬಹುಮಂದಿ ಯುದ್ಧಕ್ಕೆ ಹೋಗಿದ್ದರು. ಪ್ಲೇಗಿನ ಪಾಠ ನೆನಪಿದ್ದುದರಿಂದ ಬಲಾತ್ಕಾರವಾಗಿ ಎಳೆದೊಯ್ಯುವ ಕ್ರಮವನ್ನು ಸರ್ಕಾರವು ಹಿಡಿಯಲಿಲ್ಲ. ಔಷಧದ ಸೀಸೆಗಳನ್ನು ಹೊತ್ತು ಮನೆಮನೆಗೆ ಹೋದವರು ಸೇವಾಸಂಘಗಳ ತರುಣರು. ವೈದ್ಯನು ಒಂದೆಡೆ ಕುಳಿತು ಅವರಿಗೆ ಹೇಳಿಕೊಡುವವನಾದನು.

ನೂರಎರಡು ವರ್ಷಗಳ ತರುವಾಯ ಕೊರೋನಾ ಮಹಾಮಾರಿಯು ಬಂದಾಗ ಹಳೆಯ ಗಂಟುಗಳೆಲ್ಲ ಮತ್ತೆ ಕಾಣಿಸಿಕೊಂಡುವು, ಆದರೆ ತಿರುವುಮುರುವಾಗಿ. ಪ್ಲೇಗಿನಲ್ಲಿ ರೋಗಿಯು ವೈದ್ಯನ ಸ್ಪರ್ಶಕ್ಕೆ ಹೆದರಿದನು. ಇದರಲ್ಲಿ ವೈದ್ಯನು ರೋಗಿಯ ಉಸಿರಿಗೆ ಹೆದರಬೇಕಾಯಿತು. ಆ ಹೆದರಿಕೆಗೆ ಕಾರಣವೂ ಇತ್ತು. ಸಣ್ಣ ಕ್ಲಿನಿಕ್ಕುಗಳ ವೈದ್ಯರು ಅನೇಕರು ಪ್ರಾಣಬಿಟ್ಟರು. ಇಡೀ ದೇಶವು ಬಾಗಿಲು ಮುಚ್ಚಿದ ೨೦೨೦ರ ಮಾರ್ಚಿ ೨೫ರ ದಿನವೇ, ದೂರದಿಂದ ಚಿಕಿತ್ಸೆ ಮಾಡುವುದಕ್ಕೆ ಭಾರತದಲ್ಲಿ ಮೊದಲ ಬಾರಿಗೆ ವಿವರವಾದ ನಿಯಮಾವಳಿ ಹೊರಟಿತು. ಅದಕ್ಕೆ ಎರಡು ವರ್ಷಗಳ ಹಿಂದೆ, ಟೆಲಿಫೋನಿನಲ್ಲಿ ಔಷಧ ಹೇಳಿದ ಪ್ರಕರಣವೊಂದರಲ್ಲಿ ರೋಗಿಯು ಮರಣಹೊಂದಿದುದಕ್ಕಾಗಿ ವೈದ್ಯರು ಮುಂಬಯಿಯ ಉಚ್ಚನ್ಯಾಯಾಲಯದ ಮುಂದೆ ನಿಲ್ಲಬೇಕಾಗಿ ಬಂದು, ಕೇಳಿದ ನಿರೀಕ್ಷಣಾ ಜಾಮೀನು ದೊರೆಯದೆ ಹೋಗಿತ್ತು. ಆ ಭಯ ವೈದ್ಯರಲ್ಲೆಲ್ಲ ಹರಡಿತ್ತು. ಈಗ ಧ್ವನಿಯಿಂದ, ಚಿತ್ರದಿಂದ, ಬರಹದ ಸಂದೇಶದಿಂದ ರೋಗಿಯನ್ನು ವಿಚಾರಿಸುವುದು ಶಾಸ್ತ್ರೀಯವೆನಿಸಿತು. ಯಾವ ಔಷಧವನ್ನು ಮೊದಲ ಮಾತಿನಲ್ಲಿಯೇ ಬರೆಯಬಹುದು, ಯಾವುದನ್ನು ಮುಂಚೆ ನೋಡಿದ ರೋಗಿಗೆ ಮಾತ್ರ ಬರೆಯಬಹುದು, ಯಾವುದನ್ನು ಎಂದಿಗೂ ಬರೆಯಕೂಡದು ಎಂಬ ಪಟ್ಟಿಗಳಾದುವು. ರೋಗಿಯು ತನ್ನೆದುರಿಗೆ ಬರಲೇಬೇಕೆಂದು ಹೇಳುವ ಅಧಿಕಾರವನ್ನು ವೈದ್ಯನಿಗೇ ಬಿಟ್ಟರು.

ವಾಗ್ಭಟನ ಮೂರರಲ್ಲಿ ಸ್ಪರ್ಶನವು ಹೋಯಿತು, ದರ್ಶನವು ಅಂಗೈಯಗಲದ ಗಾಜಿನೊಳಗೆ ಇಳಿಯಿತು, ಪ್ರಶ್ನವೊಂದೇ ಪೂರ್ತಿಯಾಗಿ ಉಳಿಯಿತು. ಹತ್ತು ನಿಮಿಷಗಳಲ್ಲಿ ಐವರನ್ನು ನೋಡಿ ಕಳುಹಿಸುವ ಅಭ್ಯಾಸವಿದ್ದವರು ಕೇಳುವ ಕಲೆಯನ್ನು ಹೊಸದಾಗಿ ಕಲಿಯಬೇಕಾಯಿತು. ಮಾತಿನ ನಡುವೆ ಉಸಿರು ತುಂಡಾಗುವುದೇ ಎಂದು ಕಿವಿಗೊಡುವುದು, ಇಪ್ಪತ್ತು ಹೆಜ್ಜೆ ನಡೆದು ಬಂದು ಮಾತನಾಡೆನ್ನುವುದು, ಇವೇ ನಾಡೀಪರೀಕ್ಷೆಯ ಸ್ಥಾನಕ್ಕೆ ಬಂದುವು. ಮನೆಯಲ್ಲಿ ಬೇರೆ ಯಾರು ಕೇಳುತ್ತಿದ್ದಾರೆಂಬುದು ಮಾತ್ರ ವೈದ್ಯನಿಗೆ ತಿಳಿಯುತ್ತಿರಲಿಲ್ಲ. ಎದುರಿಗೆ ಕುಳಿತಾಗ ಅತ್ತೆಯನ್ನು ಹೊರಗೆ ಕಳುಹಿಸಿ ಸೊಸೆಯನ್ನು ಕೇಳಬಹುದಾಗಿತ್ತು. ಟೆಲಿಫೋನಿನಲ್ಲಿ ಅದಕ್ಕೆ ಉಪಾಯವಿಲ್ಲ. ಕಿವಿ ಮಂದವಾದ ಮುದುಕರಿಗೂ, ಅಂತಹ ಯಂತ್ರವೇ ಇಲ್ಲದ ಬಡವರಿಗೂ ಈ ಹೊಸ ಚಿಕಿತ್ಸೆ ದೂರವೇ ಆಗಿತ್ತು.

ತಿಳಿಸುವ ಕರ್ತವ್ಯವೂ ಮತ್ತೆ ಬಂದಿತು. ಜ್ವರದ ರೋಗಿಯ ವಿವರವನ್ನು ಒಪ್ಪಿಸಿದರೆ ಮನ್ನೆಯ ಬಾಗಿಲಿಗೆ ಚೀಟಿ ಅಂಟಿಸಿ ಬೀದಿಗೆ ಅಡ್ಡಗಟ್ಟೆ ಹಾಕುತ್ತಿದ್ದ ಮೊದಲ ತಿಂಗಳುಗಳಲ್ಲಿ, ೧೮೯೬ರ ಮುಂಬಯಿಯಂತೆಯೇ, ಜನರು ಜ್ವರವನ್ನು ಮುಚ್ಚಿಟ್ಟರು. ವೈದ್ಯರನ್ನೂ ದಾದಿಯರನ್ನೂ ಬಾಡಿಗೆಯ ಮನೆಗಳಿಂದ ಹೊರಡಿಸಿದ, ಕಲ್ಲೆಸೆದ ಸಂಗತಿಗಳೂ ನಡೆದುವು. ೨೦೨೦ರ ಏಪ್ರಿಲ್ ೨೨ರಂದು ಸುಗ್ರೀವಾಜ್ಞೆಯಿಂದಲೂ, ಸೆಪ್ಟೆಂಬರಿನಲ್ಲಿ ಶಾಸನದಿಂದಲೂ ತಿದ್ದಲ್ಪಟ್ಟುದು ೧೮೯೭ರ ಅದೇ ಹಳೆಯ ಕಾಯಿದೆ. ಮೊದಲಿನ ರೂಪದಲ್ಲಿ ಅದು ಮನೆಗೆ ನುಗ್ಗುವ ಅಧಿಕಾರಿಯನ್ನು ದಾವೆಗಳಿಂದ ಕಾಪಾಡುತ್ತಿತ್ತು. ತಿದ್ದಿದ ರೂಪದಲ್ಲಿ, ವೈದ್ಯನನ್ನು ತೀವ್ರವಾಗಿ ಗಾಯಗೊಳಿಸಿದವನಿಗೆ ಏಳು ವರ್ಷಗಳವರೆಗೆ ಸೆರೆ ವಿಧಿಸಿತು.

ಆಸ್ಪತ್ರೆಗಳಲ್ಲಿ ಹಾಸಿಗೆ ಸಿಕ್ಕದೆ ಹೋದ ೨೦೨೧ರ ಬೇಸಗೆಯಲ್ಲಿ ರೋಗಿಗಳಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಉಳಿದರು. ಮನೆಯವರೇ ರೋಗಿಯ ಬೆರಳಿಗೆ ಒಂದು ಸಣ್ಣ ಯಂತ್ರವನ್ನು ಸಿಕ್ಕಿಸಿ, ಅದರಲ್ಲಿ ಮೂಡಿದ ಅಂಕಿಯನ್ನು ಓದಿ, ದಿನಕ್ಕೆ ಮೂರು ನಾಲ್ಕು ಬಾರಿ ವೈದ್ಯನಿಗೆ ಹೇಳಬೇಕಾಗಿತ್ತು. ೯೪ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆ. ಹನ್ನೆರಡು ವರ್ಷದ ಮೊಮ್ಮಗಳು ಅಜ್ಜನ ಬೆರಳನ್ನು ಹಿಡಿದು ಎಣಿಸುವಳು, ಹತ್ತು ಮೈಲಿ ದೂರದಲ್ಲಿ ವೈದ್ಯನು ಬರೆದುಕೊಳ್ಳುವನು. ಚಿಕಿತ್ಸಾಲಯಗಳ ಬಾಗಿಲು ತೆರೆದು, ವೈದ್ಯರು ಮತ್ತೆ ಮುಂಗೈ ಹಿಡಿಯತೊಡಗಿದ ಮೇಲೆಯೂ ಆ ಯಂತ್ರವು ಅನೇಕ ಮನೆಗಳ ಗೂಡಿನಲ್ಲಿ, ಜ್ವರಮಾಪಕದ ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡಲ್ಪಟ್ಟಿದೆ.